ಪಡುಕೆರೆಯ ಗಾಳಿಗೆ ಮೂರು ಸಲ ಮಾಡಿದ ರೆಕ್ಕೆ

ನನ್ನ ಗಾಳಿಯಂತ್ರದ ಎರಡನೇ ಸೆಟ್ಟಿನ ರೆಕ್ಕೆ ಮುರಿದದ್ದು ಜುಲೈ ತಿಂಗಳ ಒಂದು ರಾತ್ರಿ, ಎರಡೂವರೆ ಗಂಟೆಗೆ. ಮೊದಲು "ಡಬ್" ಅಂತ ಒಂದು ಸದ್ದು. ಆಮೇಲೆ ಇಡೀ ಕಂಬ ಗಡಗಡ ನಡುಗತೊಡಗಿತು. ಲುಂಗಿ ಎತ್ತಿ ಕಟ್ಟಿ ಮಳೆಯಲ್ಲೇ ಓಡಿ ಬ್ರೇಕಿನ ಸ್ವಿಚ್ ಹಾಕಿದೆ. ಬೆಳಿಗ್ಗೆ ನೋಡಿದರೆ ಮೂರು ರೆಕ್ಕೆಯಲ್ಲಿ ಒಂದು ನಾಪತ್ತೆ. ಪಕ್ಕದ ಮನೆಯ ತೆಂಗಿನ ಬುಡದಲ್ಲಿ, ಮಣ್ಣಿಗೆ ಚುಚ್ಚಿಕೊಂಡು ನೆಟ್ಟಗೆ ನಿಂತಿತ್ತು.

"ಎಂತ ಮಾರಾಯ್ರೆ, ನಮ್ಮ ಕಾಯಿ ಕೊಯ್ಲಿಕ್ಕೆ ಮೆಷಿನ್ ಬಿಟ್ಟದ್ದಾ?" ಅಂತ ಆ ಮನೆಯವರು ನಗಾಡಿದರು. ನನಗೆ ನಗು ಬರಲಿಲ್ಲ. ಹಗಲಲ್ಲಿ ಅದೇ ಜಾಗದಲ್ಲಿ ಅವರ ಮೊಮ್ಮಕ್ಕಳು ಆಡುತ್ತಾರೆ.

ನನ್ನದು ಆದಿಉಡುಪಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಮನೆ ಮಲ್ಪೆಯ ಪಡುಕೆರೆಯಲ್ಲಿ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ಗಾಳಿಗೆ ಬರವಿಲ್ಲ. ಮನೆ ಹಿಂದೆ ಸಣ್ಣ ಗಾಳಿಯಂತ್ರ ನಿಲ್ಲಿಸಿ ಬ್ಯಾಟರಿ ತುಂಬಿಸುವ ಹುಚ್ಚು ಹಿಡಿದಾಗ ಜನರೇಟರಿನ ಕೆಲಸ ನನಗೆ ಸಲೀಸಾಯಿತು. ತಾಮ್ರದ ತಂತಿ, ಆಯಸ್ಕಾಂತ ಅಂದರೆ ನನ್ನ ದಿನದ ಅನ್ನ. ನನ್ನನ್ನು ಆಟ ಆಡಿಸಿದ್ದು ರೆಕ್ಕೆ.

ಮೊದಲನೇ ಸೆಟ್ಟಿನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಎಂಟು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಮಾಡಿದ್ದು. ಪೈಪಿನ ಬಾಗು ತಾನಾಗಿಯೇ ರೆಕ್ಕೆಯ ಬಾಗಿನ ಹಾಗೆ ಇರುವುದರಿಂದ ತಿರುಗುತ್ತದೆ. ಚಿಕ್ಕಂದಿನಲ್ಲಿ ತೆಂಗಿನ ಗರಿಯಲ್ಲಿ ಮಾಡಿದ ಗಿರಿಗಿಟ್ಲೆಯೂ ತಿರುಗುತ್ತಿತ್ತಲ್ವಾ, ಹಾಗೆ. ಆದರೆ ಏಪ್ರಿಲ್ ಬಿಸಿಲಿಗೆ ಪಿವಿಸಿ ಮೆತ್ತಗಾಯಿತು. ಗಾಳಿ ಜೋರಾದಾಗ ತುದಿ ಹಿಂದಕ್ಕೆ ಬಾಗಿ ಕಂಬಕ್ಕೆ ತಾಗುವಷ್ಟು ಹತ್ತಿರ ಬಂತು. ಇಳಿಸಿಬಿಟ್ಟೆ.

ಎರಡನೆಯದಕ್ಕೆ ನಾನು ಓದಿದೆ. ತಪ್ಪು ಶುರುವಾದದ್ದೂ ಅಲ್ಲೇ.

ರೆಕ್ಕೆಯ ಲೆಕ್ಕ ಹೊರಗಿನಿಂದ ಸುಲಭ ಕಾಣುತ್ತದೆ. ಬಾಗಿದ ಮೈಯ ಮೇಲೆ ಹರಿಯುವ ಗಾಳಿಯನ್ನು ರೆಕ್ಕೆ ಒಂದು ಕಡೆಗೆ ತಿರುಗಿಸುತ್ತದೆ, ಆ ಗಾಳಿ ರೆಕ್ಕೆಯನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ಅದೇ ಲಿಫ್ಟ್. ಗಾಳಿಯ ವೇಗ ಎರಡು ಪಟ್ಟಾದರೆ ಲಿಫ್ಟ್ ನಾಲ್ಕು ಪಟ್ಟು. ಅದೇ ವೇಗದಲ್ಲಿ, ಅದೇ ಅಗಲದಲ್ಲಿ ಯಾವ ಆಕಾರ ಎಷ್ಟು ಲಿಫ್ಟ್ ಕೊಡುತ್ತದೆ ಎಂಬುದಕ್ಕೆ ಒಂದು ಅಂಕಿ ಇದೆ, ಲಿಫ್ಟ್ ಗುಣಾಂಕ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಕಿಟಕಿ ಬದಿ ಕೂತರೆ ಈ ಅಂಕಿ ಏರುವುದನ್ನು ಕಣ್ಣಲ್ಲೇ ನೋಡಬಹುದು. ರೆಕ್ಕೆಯ ಹಿಂಭಾಗ ಹಂತ ಹಂತವಾಗಿ ಕೆಳಗೆ ಬಾಗಿ ಹೊರಗೆ ಚಾಚುತ್ತದೆ. ವೇಗ ಕಮ್ಮಿ ಮಾಡಿ ಗುಡ್ಡದ ಮೇಲಿನ ರನ್‌ವೇಗೆ ಇಳಿಯಬೇಕಾದರೆ ಕಮ್ಮಿ ಗಾಳಿಯಲ್ಲೂ ಅಷ್ಟೇ ಭಾರ ಎತ್ತಬೇಕು. ಅದಕ್ಕೆ ಬಾಗು ಜಾಸ್ತಿ ಮಾಡುತ್ತಾರೆ.

ನನ್ನ ಯಂತ್ರದ ವ್ಯಾಸ 2.4 ಮೀಟರ್. ಮಧ್ಯಾಹ್ನದ ಕಡಲ ಗಾಳಿ ಸೆಕೆಂಡಿಗೆ 5 ಮೀಟರ್ ಅಂತ ಇಟ್ಟುಕೊಂಡೆ. ಆ ವೃತ್ತದ ಮೂಲಕ ಹಾಯುವ ಗಾಳಿಯಲ್ಲಿ ಇರುವುದೇ ಸುಮಾರು 330 ವ್ಯಾಟ್. ಅದರಲ್ಲಿ ಶೇ. 59.3ಕ್ಕಿಂತ ಜಾಸ್ತಿ ಯಾವ ಗಾಳಿಯಂತ್ರಕ್ಕೂ ಸಿಗುವುದಿಲ್ಲ, ಅದು ಬೆಟ್ಜ್ ಮಿತಿ. ನಮ್ಮಂಥವರ ಕೈಕೆಲಸಕ್ಕೆ ಶೇ. 30 ಸಿಕ್ಕಿದರೆ ಹಬ್ಬ. ತುದಿಯ ವೇಗ ಗಾಳಿಯ ಐದು ಪಟ್ಟು ಇರಲಿ ಅಂತ ನಿಶ್ಚಯಿಸಿದೆ. ಅಂದರೆ ನಿಮಿಷಕ್ಕೆ 200 ಸುತ್ತು. ಲಿಫ್ಟ್ ಗುಣಾಂಕ 1 ಅಂತ ಹಿಡಿದರೆ ರೆಕ್ಕೆಯ ಉದ್ದದಲ್ಲಿ ಹತ್ತರಲ್ಲಿ ಏಳನೇ ಪಾಲಿನ ಜಾಗದಲ್ಲಿ ಅಗಲ 12.8 ಸೆಂ.ಮೀ. ಬಂತು.

ಆಗ ನನಗೆ ದುರಾಸೆ ಹತ್ತಿತು. ಆಕಾರ ನಾಕಾ 4412. ನಾಕಾ ಅಂದರೆ ಅಮೆರಿಕದ ಹಳೇ ವಿಮಾನ ಸಂಶೋಧನಾ ಸಂಸ್ಥೆ. ಹೆಸರಿನಲ್ಲೇ ಅಳತೆ ಉಂಟು: ಅಗಲದ ಶೇ. 4 ಬಾಗು, ಆ ಬಾಗು ಮುಂದಿನಿಂದ ಶೇ. 40ರಲ್ಲಿ, ದಪ್ಪ ಶೇ. 12. ಈ ಆಕಾರ 1.2 ಗುಣಾಂಕ ಕೊಡುತ್ತದೆ, ಮತ್ತೆ 1 ಯಾಕೆ ಅಂತ ಯೋಚಿಸಿದೆ. 1.2 ಹಾಕಿದರೆ ರೆಕ್ಕೆ ಕಿರಿದಾಗುತ್ತದೆ, ಮರ ಉಳಿಯುತ್ತದೆ, ಹಗುರವಾಗುತ್ತದೆ. ಅಗಲ 10.6ಕ್ಕೆ ಇಳಿಯಿತು. ಆಚಾರ್ರು ಹೆಬ್ಬಲಸಿನ ಹಲಗೆ ತಂದು ಕೆತ್ತಿಕೊಟ್ಟರು. ದೋಣಿಗೆ ಹಾಕುವ ಮರ, ನೀರಿಗೆ ಹೆದರುವುದಿಲ್ಲ. "ಇದು ಸೌಟಾ, ಹುಟ್ಟಾ?" ಅಂತ ಕೇಳಿದರು. ಕೆಲಸ ಮಾತ್ರ ಕನ್ನಡಿಯ ಹಾಗೆ ಮಾಡಿದ್ದರು.

ಮುರಿದ ತುಂಡನ್ನು ಅಂಗಡಿಯ ಮೇಜಿನ ಮೇಲಿಟ್ಟು ಒಂದು ವಾರ ನೋಡಿದೆ. ಮುರಿದದ್ದು ಬುಡದಲ್ಲಿ, ಬೋಲ್ಟಿನ ತೂತುಗಳ ಸಾಲಿನಲ್ಲಿ. ನಾನು ನಾಲ್ಕು ತೂತನ್ನೂ ಮರದ ಎಳೆಯ ಒಂದೇ ಗೆರೆಯಲ್ಲಿ ಕೊರೆದಿದ್ದೆ. ತೂತಿನೊಳಗೆ ಬಣ್ಣ ಹಾಕಿರಲಿಲ್ಲ. ಅಲ್ಲಿಂದ ಮಳೆ ನೀರು ಎಳೆಗೆ ಇಳಿದು ಮರ ಕಪ್ಪಾಗಿತ್ತು. ಉಗುರಿನಲ್ಲಿ ಒತ್ತಿದರೆ ಗುರುತು ಬೀಳುತ್ತಿತ್ತು. ಇದು ಕಣ್ಣಿಗೆ ಕಾಣುವ ತಪ್ಪು.

ಕಾಣದ ತಪ್ಪು ಲೆಕ್ಕದಲ್ಲಿತ್ತು. ರೆಕ್ಕೆಯ ದಪ್ಪ ಅಗಲದ ಶೇ. 12 ಅಂದಮೇಲೆ ಅಗಲ ಕಮ್ಮಿ ಆದರೆ ದಪ್ಪವೂ ಕಮ್ಮಿ. 15 ಮಿ.ಮೀ. ಇದ್ದದ್ದು 13ಕ್ಕೆ ಬಂತು. ಬಾಗುವಿಕೆ ತಡೆಯುವ ಶಕ್ತಿ ಅಗಲದ ಜತೆ ನೇರ ಹೋಗುತ್ತದೆ, ದಪ್ಪದ ಜತೆ ವರ್ಗದಲ್ಲಿ ಹೋಗುತ್ತದೆ. ಎರಡನ್ನೂ 1.2ರಿಂದ ಭಾಗಿಸಿದರೆ ಶಕ್ತಿ 1.2ರ ಘನದಿಂದ ಭಾಗವಾದ ಹಾಗೆ, ಅಂದರೆ 1.73ರಿಂದ. ಹೊರೆ ಅಷ್ಟೇ. ಗಾಳಿಯಿಂದ ತೆಗೆಯುವ ಕೆಲಸ ಅಷ್ಟೇ. ರೆಕ್ಕೆ ಮಾತ್ರ ಶೇ. 42 ದುರ್ಬಲ. ಲಿಫ್ಟ್ ಜಾಸ್ತಿ ಇರುವ ಆಕಾರ ಹುಡುಕಿ ಹುಡುಕಿ ನಾನು ರೆಕ್ಕೆಯನ್ನು ಬಡಕಲು ಮಾಡಿದ್ದೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ಆಗ ಕೇಳುತ್ತಿರಲಿಲ್ಲವೇನೋ.

ಇದರ ಜತೆ ಸುತ್ತುವ ಎಳೆತ ಬೇರೆ. 1.2 ಕೆಜಿಯ ರೆಕ್ಕೆ, ಅದರ ತೂಕದ ನಡುಬಿಂದು ಮಧ್ಯದಿಂದ 45 ಸೆಂ.ಮೀ. ದೂರ. ನಿಮಿಷಕ್ಕೆ 400 ಸುತ್ತಿನಲ್ಲಿ ಬುಡವನ್ನು ಸುಮಾರು 96 ಕೆಜಿ ಭಾರದಷ್ಟು ಹೊರಗೆ ಎಳೆಯುತ್ತದೆ. 600 ಸುತ್ತಿಗೆ ಹೋದರೆ 217 ಕೆಜಿ. ಮಳೆಗಾಲದಲ್ಲಿ ಬ್ಯಾಟರಿ ತುಂಬಿ ಲೋಡ್ ಬಿಟ್ಟುಹೋದರೆ 600 ದೊಡ್ಡ ಮಾತಲ್ಲ.

ಮೂರನೇ ಸಲಕ್ಕೆ ಪುಸ್ತಕ ನಂಬುವುದು ಬಿಟ್ಟು ಅಳೆಯುವುದು ಅಂತ ತೀರ್ಮಾನಿಸಿದೆ. ರೈಟ್ ಸಹೋದರರೂ 1901ರಲ್ಲಿ ಅದನ್ನೇ ಮಾಡಿದ್ದು. ಬೇರೆಯವರ ಕೋಷ್ಟಕ ಕೈಕೊಟ್ಟ ಮೇಲೆ ಮರದ ಪೆಟ್ಟಿಗೆಯಲ್ಲಿ ಫ್ಯಾನ್ ಇಟ್ಟು ಸಣ್ಣ ಸಣ್ಣ ಆಕಾರಗಳನ್ನು ತೂಗಿದರು. ನನ್ನ ಹತ್ತಿರ ಅಂಥ ಪೆಟ್ಟಿಗೆ ಇರಲಿಲ್ಲ, ಹಳೇ ಮಾರುತಿ ಓಮ್ನಿ ಇತ್ತು.

15 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದದ ತುಂಡುಗಳನ್ನು ಥರ್ಮಾಕೋಲಿನಲ್ಲಿ ಬಿಸಿ ತಂತಿಯಿಂದ ಕತ್ತರಿಸಿದೆ. ಮೇಲೆ ಕಾಗದ ಅಂಟಿಸಿ ಉಜ್ಜಿದೆ. ಎರಡು ಕೊನೆಗೂ ಪ್ಲೈವುಡ್ಡಿನ ತಟ್ಟೆ, ಗಾಳಿ ಬದಿಯಿಂದ ನುಸುಳದ ಹಾಗೆ. ಒಂದು ಸನ್ನೆ, ಅದರ ಇನ್ನೊಂದು ತುದಿಗೆ ಕೊಕ್ಕೆ ಇರುವ ಡಿಜಿಟಲ್ ತಕ್ಕಡಿ. ಜನವರಿ ಬೆಳಗ್ಗೆ ಐದೂವರೆಗೆ, ಕಡಲ ಗಾಳಿ ಏಳುವ ಮೊದಲು, ಪಡುಕೆರೆಯಿಂದ ಮಟ್ಟು ಕಡೆಗೆ ಹೋಗುವ ರಸ್ತೆಯಲ್ಲಿ ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ ಸರಿಯಾಗಿ 10 ಮೀಟರ್. ಅಳಿಯ ಓಡಿಸುವುದು, ನಾನು ಹಿಂದೆ ಕೂತು ಬರೆಯುವುದು. ಹೋಗುವಾಗ ಒಂದು, ಬರುವಾಗ ಒಂದು, ಎರಡರ ಸರಾಸರಿ. ವಾಪಸ್ ಬರುವಾಗ ಒಂದೆರಡು ದಿನ ಮಟ್ಟುಗುಳ್ಳ ಬದನೆಯೂ ಬಂತು, ಆದ್ದರಿಂದ ಮನೆಯಲ್ಲಿ ವಿರೋಧ ಬರಲಿಲ್ಲ.

ಮೊದಲ ಮೂರು ದಿನದ ಅಂಕಿಗಳು ಅದ್ಭುತ. ಎಲ್ಲ ಆಕಾರವೂ ಪುಸ್ತಕಕ್ಕಿಂತ ಜಾಸ್ತಿ ಎತ್ತುತ್ತಿತ್ತು. ಅನುಮಾನ ಬಂದು ಒಂದು ಚಪ್ಪಟೆ ಪ್ಲೈವುಡ್ ತುಂಡನ್ನು ಸೊನ್ನೆ ಡಿಗ್ರಿಯಲ್ಲಿ, ಅಂದರೆ ಬರುವ ಗಾಳಿಗೆ ನೇರ ಸಮಾನಾಂತರವಾಗಿ, ಹಾಕಿದೆ. ಅದೂ 150 ಗ್ರಾಂ ಎತ್ತಿತು. ಚಪ್ಪಟೆ ಹಲಗೆಗೆ ಸೊನ್ನೆಯಲ್ಲಿ ಲಿಫ್ಟ್ ಎಲ್ಲಿಂದ? ಗಾಳಿ ಓಮ್ನಿಯ ಮೂತಿಗೆ ಬಡಿದು ಮೇಲಕ್ಕೆ ಏರುತ್ತಿತ್ತು. ನಾನು ಸೊನ್ನೆ ಅಂದುಕೊಂಡದ್ದು ಸೊನ್ನೆಯೇ ಅಲ್ಲ. ಮೂರು ದಿನದ ಪಟ್ಟಿ ಹರಿದು ಬಿಸಾಡಿ, ತುಂಡನ್ನು ಛಾವಣಿಯಿಂದ ನಾಲ್ಕು ಅಡಿ ಎತ್ತರಕ್ಕೆ, ಸ್ವಲ್ಪ ಮುಂದಕ್ಕೆ ಕಟ್ಟಿದೆ. ಚಪ್ಪಟೆ ಹಲಗೆ ಸೊನ್ನೆ ತೋರಿಸುವ ತನಕ ಬೇರೆ ಯಾವುದನ್ನೂ ಹಾಕಲಿಲ್ಲ. ಲಿಫ್ಟ್ ಗುಣಾಂಕ 1 ಆದರೆ ಈ ವೇಗದಲ್ಲಿ ತಕ್ಕಡಿ ಸುಮಾರು 440 ಗ್ರಾಂ ತೋರಿಸಬೇಕು. ಅದು ನನ್ನ ಅಳತೆಗೋಲು.

ಕಲಿತದ್ದರಲ್ಲಿ ಎರಡು ಮಾತು ಹೇಳಬೇಕು. ಎಸ್ 1223 ಅಂತ ಒಂದು ಆಕಾರ ಉಂಟು, ಇಲಿನಾಯ್ ವಿಶ್ವವಿದ್ಯಾಲಯದ ಮೈಕೆಲ್ ಸೆಲಿಗ್ ಅವರದ್ದು. ಕಮ್ಮಿ ವೇಗದಲ್ಲಿ ಲಿಫ್ಟ್ ಎತ್ತುವುದರಲ್ಲಿ ಹೆಸರು ಮಾಡಿದ್ದು, ಗುಣಾಂಕ 2ನ್ನು ದಾಟುತ್ತದೆ. ನನ್ನ ತಕ್ಕಡಿಯಲ್ಲೂ ಅದೇ ಮೊದಲು. ಆದರೆ ಅದರ ಹಿಂದಿನ ಅಂಚು ಕೊಕ್ಕಿನ ಹಾಗೆ ತೆಳ್ಳಗೆ ಕೆಳಗೆ ಬಾಗಿರುತ್ತದೆ. ಫೈಬರಿನಲ್ಲಿ ಅಷ್ಟು ತೆಳು ಮಾಡಿದರೆ ಮೊದಲ ಮಳೆಗೇ ಸೀಳುತ್ತದೆ. ಬಾಗು ಅಷ್ಟು ಜಾಸ್ತಿ ಇದ್ದರೆ ಗಾಳಿ ರೆಕ್ಕೆಯ ಮೂತಿಯನ್ನು ಕೆಳಗೆ ತಿರುಚಲಿಕ್ಕೂ ನೋಡುತ್ತದೆ. ಗಾಳಿಯಂತ್ರಕ್ಕೆ ಬೇಕಾದದ್ದು ಬರೀ ಲಿಫ್ಟ್ ಅಲ್ಲ, ಎಳೆತಕ್ಕೆ, ಅಂದರೆ ಗಾಳಿ ರೆಕ್ಕೆಯನ್ನು ಹಿಂದಕ್ಕೆ ತಡೆಯುವ ಬಲಕ್ಕೆ, ಹೋಲಿಸಿದರೆ ಎಷ್ಟು ಲಿಫ್ಟ್ ಎಂಬುದು. ಸಾಮಾನು ಹೊರುವ ಸಣ್ಣ ಡ್ರೋನ್ ವಿಮಾನ ಮಾಡುವವರಿಗೆ ಎಸ್ 1223 ಚಿನ್ನ. ನನಗಲ್ಲ.

ಇನ್ನೊಂದು, ಮುಂದಿನ ಅಂಚು. ಕಡಲ ಬದಿಯಲ್ಲಿ ಮಾರ್ಚ್, ಏಪ್ರಿಲಿನಲ್ಲಿ ಯಾವ ವಸ್ತುವನ್ನು ಮುಟ್ಟಿದರೂ ಕೈಗೆ ಉಪ್ಪಿನ ಪುಡಿ ಹತ್ತುತ್ತದೆ. ರೆಕ್ಕೆಯ ಮುಂದಿನ ಅಂಚಿನಲ್ಲಿ ಅದು ಪದರ ಕಟ್ಟುತ್ತದೆ. ಅದನ್ನು ನಕಲು ಮಾಡಲು ಪರೀಕ್ಷೆಯ ತುಂಡಿನ ಮೂತಿಗೆ ಫೆವಿಕಾಲ್ ಸವರಿ ಕಡಲ ಮರಳು ಉದುರಿಸಿದೆ. 12 ಡಿಗ್ರಿಯಲ್ಲಿ 480 ಗ್ರಾಂ ಎತ್ತುತ್ತಿದ್ದದ್ದು 390ಕ್ಕೆ ಬಂತು. ಒಂದು ಚಮಚ ಮರಳು, ಅಷ್ಟೇ. ಆವತ್ತಿನಿಂದ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಕಂಬ ಮಲಗಿಸಿ ರೆಕ್ಕೆ ತೊಳೆಯುತ್ತೇನೆ. ಮಳೆಗಾಲದಲ್ಲಿ ಆ ಕೆಲಸ ಮೇಲಿನವನೇ ಮಾಡುತ್ತಾನೆ.

ಸಣ್ಣ ರೆಕ್ಕೆಗೆ ಬೇರೆಯೇ ಒಂದು ರೋಗವೂ ಉಂಟು. ರೆಕ್ಕೆಯ ಅಗಲ, ಗಾಳಿಯ ವೇಗ, ಗಾಳಿಯ ಅಂಟುತನ ಸೇರಿಸಿ ತೆಗೆಯುವ ಒಂದು ಅಂಕಿ ಉಂಟು, ರೆನಾಲ್ಡ್ಸ್ ಸಂಖ್ಯೆ. ದೊಡ್ಡ ವಿಮಾನದ ರೆಕ್ಕೆಗೆ ಅದು ಕೋಟಿಯ ಲೆಕ್ಕ. ನನ್ನದು ಒಂದೂವರೆ ಲಕ್ಷದ ಆಸುಪಾಸು. ಇಷ್ಟು ಕಮ್ಮಿ ಇರುವಾಗ ಗಾಳಿ ಹಿಂಭಾಗದ ಇಳಿಜಾರಿನಲ್ಲಿ ಮೈ ಬಿಟ್ಟು ಗುಳ್ಳೆ ಕಟ್ಟುತ್ತದೆ. ದಪ್ಪ ಆಕಾರಕ್ಕೆ ಇದು ಜಾಸ್ತಿ. ಗಾಳಿಗೆ ತೆಳು ಬೇಕು, ಬಲಕ್ಕೆ ದಪ್ಪ ಬೇಕು. ಇಲ್ಲಿ ನಾನು ಸುಮಾರು ದಿನ ಸಿಕ್ಕಿಬಿದ್ದೆ.

ದಾರಿ ಸಿಕ್ಕಿದ್ದು ಹೈವೇಯಲ್ಲಿ. ಪಡುಬಿದ್ರಿಯ ಸುಜ್ಲಾನ್ ಕಾರ್ಖಾನೆಯ ರೆಕ್ಕೆಗಳು ಟ್ರೈಲರಿನಲ್ಲಿ ಹೋಗುವುದನ್ನು ನಮ್ಮ ಕಡೆಯವರು ಎಲ್ಲರೂ ನೋಡಿದ್ದೇವೆ, ಹಿಂದೆ ಸಿಕ್ಕಿಬಿದ್ದು ಬೈದೂ ಇದ್ದೇವೆ. ದೊಡ್ಡ ರೆಕ್ಕೆಯ ಬುಡ ನೋಡಿ. ಉರುಟು ಪೈಪು. ಅದರಲ್ಲಿ ರೆಕ್ಕೆಯ ಆಕಾರವೇ ಇಲ್ಲ. ತುದಿ ಮಾತ್ರ ಕತ್ತಿ. ಅಷ್ಟು ದುಡ್ಡು ಹಾಕುವವರು ಬುಡದ ಲಿಫ್ಟನ್ನು ಬಿಟ್ಟುಕೊಟ್ಟಿದ್ದಾರಲ್ಲ, ಯಾಕೆ? ಮನೆಗೆ ಬಂದು ಲೆಕ್ಕ ಹಾಕಿದೆ. ಮಧ್ಯದಿಂದ ಶೇ. 30 ಉದ್ದದ ತನಕ ರೆಕ್ಕೆ ಗುಡಿಸುವ ಜಾಗ ಇಡೀ ವೃತ್ತದ ಶೇ. 9 ಮಾತ್ರ. ಆ ಭಾಗವನ್ನು ಪೂರ್ತಿ ಬಲಕ್ಕೆ ಕೊಟ್ಟರೂ ನಷ್ಟ ಪುಡಿಗಾಸು. ಒಂದೇ ಆಕಾರವನ್ನು ಬುಡದಿಂದ ತುದಿಗೆ ಎಳೆದದ್ದೇ ನನ್ನ ಮೂರ್ಖತನ.

ಸೆಲಿಗ್ ಮತ್ತು ಅವರ ಜತೆಯವರು ಸಣ್ಣ ಗಾಳಿಯಂತ್ರಕ್ಕೆಂದೇ ಮಾಡಿದ ಎಸ್‌ಜಿ ಸರಣಿ ಇದೆ. ಬುಡಕ್ಕೆ ಎಸ್‌ಜಿ 6040, ದಪ್ಪ ಶೇ. 16. ಹೊರಗಿನ ಭಾಗಕ್ಕೆ ಎಸ್‌ಜಿ 6043, ದಪ್ಪ ಶೇ. 10. ನಡುವೆ ಒಂದರಿಂದ ಇನ್ನೊಂದಕ್ಕೆ ನಿಧಾನ ಹೊರಳಿಸಿದೆ. ಗುಣಾಂಕ 1ಕ್ಕೇ ನಿಲ್ಲಿಸಿದೆ, ದುರಾಸೆ ಬೇಡ ಅಂತ. ಆಕಾರ ಕೊಟ್ಟರೆ ಲಿಫ್ಟ್, ಎಳೆತ ಲೆಕ್ಕ ಹಾಕುವ ಎಕ್ಸ್‌ಫಾಯಿಲ್ ಎಂಬ ಪುಕ್ಕಟೆ ಪ್ರೋಗ್ರಾಂನಲ್ಲಿ ಎರಡನ್ನೂ ಓಡಿಸಿ ನೋಡಿದೆ. ಎಂಐಟಿಯ ಮಾರ್ಕ್ ಡ್ರೆಲಾ 1986ರಲ್ಲಿ ಬರೆದದ್ದು, ಇವತ್ತಿಗೂ ನಡೆಯುತ್ತದೆ. ಎಂಐಟಿ ಅಂದರೆ ಮಣಿಪಾಲದ್ದಲ್ಲ, ಅಮೆರಿಕದ್ದು. ತಿರುಚು ಬುಡದ ಹತ್ತಿರ 22 ಡಿಗ್ರಿ, ತುದಿಯಲ್ಲಿ ಒಂದೂವರೆ.

ಇನ್ನು ಕಟ್ಟುವ ಕೆಲಸ. ಮಲ್ಪೆಯಲ್ಲಿ ಬೋಟಿಗೆ ಫೈಬರ್ ಹೊದಿಸುವವರೊಬ್ಬರು ನನಗೆ ಪರಿಚಯ. ಎಲ್ಲರೂ ಅವರನ್ನು ಫೈಬರ್ ಅಣ್ಣ ಅಂತಲೇ ಕರೆಯುವುದು. ಜೂನ್ 1ರಿಂದ ಜುಲೈ 31, ಆ 61 ದಿನ ಮೀನುಗಾರಿಕೆಗೆ ರಜೆ, ಬೋಟೆಲ್ಲ ದಡದಲ್ಲಿ, ಅವರಿಗೆ ಉಸಿರಾಡಲಿಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಫೆಬ್ರವರಿಗೆ ಹೋದೆ.

"ಬೋಟಿಗಿಂತ ಇದು ಸುಲಭ ಅಲ್ವಾ ಅಣ್ಣ?" ಅಂದೆ.

"ಬೋಟಿಗೆ ನೀರು ಕೆಳಗಿಂದ ಆಧಾರ ಕೊಡ್ತದೆ ಮಾರಾಯ. ನಿನ್ನದಕ್ಕೆ ಯಾರು ಕೊಡುವುದು?" ಅಂದರು.

ಆಚಾರ್ರು ಮರದಲ್ಲಿ ಮಾದರಿ ಕೆತ್ತಿದರು. ಹತ್ತು ಕಡೆ ತಗಡಿನ ಅಚ್ಚು ಇಟ್ಟು ನೋಡಿ ನೋಡಿ ಉಜ್ಜಿದ್ದು. ಅದರಿಂದ ಎರಡು ಅರ್ಧದ ಫೈಬರ್ ಅಚ್ಚು ತೆಗೆದೆವು. ಅಚ್ಚಿಗೆ ಮೇಣ, ಆಮೇಲೆ ಜೆಲ್‌ಕೋಟ್ ಎಂಬ ನುಣುಪು ಹೊರಪದರ, ಅದರ ಮೇಲೆ ಮ್ಯಾಟ್ ಅಂದರೆ ಗಾಜಿನ ಎಳೆಯ ಹಾಸು, ಮತ್ತು ಅದನ್ನು ಗಟ್ಟಿ ಮಾಡುವ ಅಂಟು, ರೆಸಿನ್. ರೆಸಿನ್ ಕಲಸುವಾಗ ಫೈಬರ್ ಅಣ್ಣ ನನ್ನ ಕೈ ಹಿಡಿದು ನಿಲ್ಲಿಸಿದರು. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಪೂರ್ತಿ ಬೆರೆಸಬೇಕು, ಆಮೇಲೆ ಹಾರ್ಡನರ್. ಇವೆರಡನ್ನು ನೇರ ಸೇರಿಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಹಾರ್ಡನರ್ ನೂರಕ್ಕೆ ಒಂದು ಪಾಲು ಸಾಕು. ಬಿಸಿಲಲ್ಲಿ ಅಷ್ಟಕ್ಕೇ ಕಾಲು ಗಂಟೆಯಲ್ಲಿ ಡಬ್ಬಿ ಕೈ ಸುಡುತ್ತದೆ.

ಬಲದ ಗುಟ್ಟು ಮ್ಯಾಟಿನಲ್ಲಿಲ್ಲ, ಎಳೆಯ ದಿಕ್ಕಿನಲ್ಲಿದೆ. ಮ್ಯಾಟಿನ ಎಳೆ ಎಲ್ಲ ದಿಕ್ಕಿಗೂ ಚೆಲ್ಲಿರುತ್ತದೆ. ರೆಕ್ಕೆ ಬಾಗುವಾಗ ಒಂದು ಮೈ ಉದ್ದಕ್ಕೆ ಎಳೆಯಲ್ಪಡುತ್ತದೆ, ಇನ್ನೊಂದು ಒತ್ತಲ್ಪಡುತ್ತದೆ, ನಡುವಿನದ್ದಕ್ಕೆ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಎರಡೂ ಮೈಯ ಒಳಗೆ, ದಪ್ಪ ಜಾಸ್ತಿ ಇರುವ ಗೆರೆಯಲ್ಲಿ, ಒಂದೇ ದಿಕ್ಕಿನ ಎಳೆಯ ಪಟ್ಟಿ ಹಾಕಿದೆವು. ಬುಡದಲ್ಲಿ ಒಂಬತ್ತು ಪದರ, ನಡುವೆ ಐದು, ತುದಿ ಹತ್ತಿರ ಎರಡು. ಎಲ್ಲ ಪಟ್ಟಿಯನ್ನೂ ಒಂದೇ ಕಡೆ ನಿಲ್ಲಿಸಬಾರದು, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಒಂದೇ ಕಡೆ ನಿಂತರೆ ಅಲ್ಲೇ ಮುರಿಯುತ್ತದೆ. ತಿರುಚುವಿಕೆಗೆ ಹೊರಮೈಯಲ್ಲಿ 45 ಡಿಗ್ರಿಯ ಬಟ್ಟೆ. ಎರಡು ಪಟ್ಟಿಗಳ ನಡುವೆ ನೆಟ್ಟಗೆ ಒಂದು ತೆಳು ಪ್ಲೈವುಡ್ ಗೋಡೆ, ಉಳಿದ ಪೊಳ್ಳಿಗೆ ಫೋಮ್. ರೈಲು ಹಳಿಯನ್ನು ಅಡ್ಡ ಕೊಯ್ದು ನೋಡಿದರೆ ಇದೇ ಚಿತ್ರ.

ಬುಡದಲ್ಲಿ ಬೋಲ್ಟಿನ ತೂತು ಈ ಸಲ ಹಾವಿನ ನಡೆಯ ಹಾಗೆ ಅತ್ತ ಇತ್ತ. ಪ್ರತಿ ತೂತಿಗೂ ಸ್ಟೀಲ್ ಬುಶ್, ರೆಸಿನ್ ಸುರಿದು ಕೂರಿಸಿದ್ದು.

ಮೇಲೆ ಏರಿಸುವ ಮೊದಲು ಮುರಿಯಲು ನೋಡಿದೆ. ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ ಒಂದೊಂದು ರೆಕ್ಕೆಯ ಮೇಲೆ ಸುಮಾರು 8 ಕೆಜಿ ಒತ್ತಡ ಬೀಳುತ್ತದೆ, ಅದು ಮೂರನೇ ಎರಡು ಪಾಲು ಉದ್ದದಲ್ಲಿ ಬಿದ್ದ ಹಾಗೆ. ಬುಡವನ್ನು ವರ್ಕ್‌ಶಾಪಿನ ಬೆಂಚಿಗೆ ಬಿಗಿದು ಅದೇ ಜಾಗಕ್ಕೆ 25 ಕೆಜಿ ಮರಳಿನ ಚೀಲ ನೇತುಹಾಕಿದೆ. ತುದಿ 11 ಸೆಂ.ಮೀ. ಇಳಿಯಿತು. ಸಣ್ಣಗೆ ಒಂದು "ಚಟ್" ಕೇಳಿತು. ಎದೆ ಧಸಕ್ಕೆಂದಿತು. ನೋಡಿದರೆ ಬೆಂಚಿನ ಮೊಳೆ. ರಾತ್ರಿ ಇಡೀ ಹಾಗೇ ಬಿಟ್ಟೆ. ಬೆಳಿಗ್ಗೆ ಚೀಲ ತೆಗೆದಾಗ ರೆಕ್ಕೆ ಪೂರ್ತಿ ವಾಪಸ್ ಬಂತು.

ಮೂರರ ತೂಕ ಸಮ ಮಾಡಲು ಮಲ್ಪೆಯ ಬಲೆ ಅಂಗಡಿಯಿಂದ ಸೀಸದ ಗುಂಡು ತಂದೆ. ಒಂದು ರೆಕ್ಕೆಗೆ ಎರಡು ಗುಂಡು, ಇನ್ನೊಂದಕ್ಕೆ ಅರ್ಧ. ಹಿಂದಿನ ಅಂಚಿನಲ್ಲಿ ವೈರಿಂಗ್ ಪಟ್ಟಿಯ ಎರಡೂವರೆ ಮಿ.ಮೀ. ಎತ್ತರದ ಚೂರು ಅಂಟಿಸಿಯೂ ನೋಡಿದೆ. ರೇಸ್ ಕಾರಿನವರು ಗರ್ನಿ ಫ್ಲಾಪ್ ಅನ್ನುವುದು ಇದನ್ನೇ. ಓಮ್ನಿಯ ಮೇಲೆ ಲಿಫ್ಟ್ ಚೆನ್ನಾಗಿ ಏರಿತ್ತು. ಯಂತ್ರದಲ್ಲಿ ತುದಿಗೆ ಹಾಕಿದಾಗ ಸದ್ದು ಜಾಸ್ತಿ, ಕರೆಂಟು ಕಮ್ಮಿ. ಕಿತ್ತು ಬುಡದ ಒಂದು ಗೇಣಿಗೆ ಮಾತ್ರ ಉಳಿಸಿದೆ. ಅಲ್ಲಿ ಅದು ಕಮ್ಮಿ ಗಾಳಿಯಲ್ಲಿ ತಿರುಗಲು ಶುರುಮಾಡಲು ಸಹಾಯ ಮಾಡುತ್ತದೆ.

ಈಗ ಸೆಕೆಂಡಿಗೆ 5 ಮೀಟರ್ ಗಾಳಿಗೆ 24 ವೋಲ್ಟಿನ ಬ್ಯಾಟರಿಗೆ ಮೂರು ಆಂಪಿಯರ್ ಹೋಗುತ್ತದೆ. ಮರದ ರೆಕ್ಕೆಯಲ್ಲಿ ಎರಡೂಕಾಲು ಸಿಗುತ್ತಿತ್ತು. ಗಾಳಿ 9 ಮೀಟರ್ ದಾಟಿದರೆ ಬಾಲ ಮಡಚಿ ಚಕ್ರ ಬದಿಗೆ ಹೊರಳುತ್ತದೆ. ಎರಡು ಮಳೆಗಾಲ ಕಳೆಯಿತು. ಅಮ್ಮನಿಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ. ಗಾಳಿ ಜೋರಾದ ಕೂಡಲೇ "ಬ್ರೇಕ್ ಹಾಕು" ಅನ್ನುತ್ತಾರೆ, ನಾನು ಹಾಕುತ್ತೇನೆ.

ಕಳೆದ ಭಾನುವಾರ ಕಂಬ ಮಲಗಿಸಿ ತೊಳೆಯುವಾಗ ಒಂದು ರೂಪಾಯಿ ನಾಣ್ಯದಲ್ಲಿ ರೆಕ್ಕೆಯ ಉದ್ದಕ್ಕೂ ತಟ್ಟುತ್ತಾ ಹೋದೆ. ಫೈಬರ್ ಅಣ್ಣ ಕಲಿಸಿದ್ದು. ಪದರಗಳು ಕೂಡಿಕೊಂಡಿದ್ದರೆ ಟಕ್ ಟಕ್ ಅನ್ನುತ್ತದೆ, ಬಿಟ್ಟಿದ್ದರೆ ಡಬ್ ಅಂತ ಮಂಕು ಸದ್ದು. ಒಂದನೇ ರೆಕ್ಕೆ ಸರಿ, ಮೂರನೆಯದೂ ಸರಿ. ಎರಡನೆಯದರಲ್ಲಿ ಬುಡದಿಂದ 20 ಸೆಂ.ಮೀ. ಮೇಲೆ, ಒಂಬತ್ತನೇ ಪದರ ಮುಗಿಯುವ ಮೆಟ್ಟಿಲಿನ ಹತ್ತಿರ, ಹೆಬ್ಬೆರಳಿನಷ್ಟು ಜಾಗದಲ್ಲಿ ಡಬ್ ಅಂದಿತು. ಮಾರ್ಕರಿನಲ್ಲಿ ಸುತ್ತ ಗೆರೆ ಎಳೆದು ತಾರೀಖು ಬರೆದಿದ್ದೇನೆ. ಮುಂದಿನ ತಿಂಗಳು ಆ ಗೆರೆಯ ಹೊರಗೂ ಡಬ್ ಅಂದರೆ ಅಚ್ಚು ಅಟ್ಟದಿಂದ ಇಳಿಸಬೇಕು.